ಬಿಡು ಎಂದೆವು, ಹಿಡಿ ಎಂದೇನು ಹೇಳಿದೆವು?

ಕಳೆದ ದೀಪಾವಳಿಯ ಪಾಡ್ಯದ ದಿನ, ಇಷ್ಟಲಿಂಗ ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತುಕೊಳ್ಳುವ ಹೊತ್ತಿಗೆ ಅಮೆರಿಕೆಯಿಂದ ನಮಗೊಂದು ದೂರವಾಣಿ ಕರೆ ಬಂದಿತು. ಮಾತನಾಡಿದವರು ಶಹಾಪುರದ ಕಡೆಯ ಒಬ್ಬ ತರುಣರು. ಚಿಕ್ಕಂದಿನಲ್ಲಿ ನಮ್ಮ ಬಳಿ ವಚನಗಳನ್ನು ಓದಲು ಕಲಿತವರು. ಈಗ ಕೊಲೊರಾಡೊ ಪ್ರಾಂತದಲ್ಲಿ, ರಾಕಿ ಪರ್ವತಗಳ ಮಗ್ಗುಲಿನ ಊರೊಂದರಲ್ಲಿ ಸಂಸಾರ ಸಮೇತ ನೆಲೆಸಿದ್ದಾರೆ. ಹಬ್ಬದ ಶರಣು ಶರಣಾರ್ಥಿಗಳಾದ ಮೇಲೆ ಅವರು ಸ್ವಲ್ಪ ತಡವರಿಸಿ, "ಅಪ್ಪಾವರೇ, ಒಂದು ತಪ್ಪು ಆಗೇದೋ ಏನೋ, ನೀವೇ ಹೇಳಬೇಕು" ಎಂದರು.

ಸಂಗತಿ ಇಷ್ಟು. ಅವರ ನೆರೆಮನೆಯ ಹಿರಿಯನೊಬ್ಬ ಪ್ರತಿವರ್ಷ ಶರತ್ಕಾಲದಲ್ಲಿ ಪರವಾನಗಿ ಪಡೆದು ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಹೋಗುತ್ತಾನೆ. ಈ ಸಲ ಬೇಟೆ ದೊರೆಯಿತು. ಆ ನಾಡಿನ ರೂಢಿಯಂತೆ ಒಂದು ಪಾಲನ್ನು ಕಾಗದದಲ್ಲಿ ಸುತ್ತಿಕೊಂಡು ನೆರೆಯವರಿಗೆ ಕೊಡಲೆಂದು ಇವರ ಬಾಗಿಲಿಗೆ ಬಂದ. ನಮ್ಮ ತರುಣರು ಶರಣರ ಮನೆತನದವರು, ಮುಟ್ಟಲಿಲ್ಲ. ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಿತ್ತು. ತಮ್ಮ ಮಗುವಿನ ಎದುರಿಗೆ ಅವನಿಗೆ, "ನೀನು ಮಾಡಿದ್ದು ಕೊಲೆ" ಎಂದುಬಿಟ್ಟರು. ಮುದುಕ ಏನೂ ಮಾತನಾಡದೆ ಹಿಂದಿರುಗಿದ. ಹಿಮ ಬಿದ್ದಾಗ ಇವರ ಬಾಗಿಲಿನ ದಾರಿಯನ್ನು ಕೇಳದೆಯೇ ತೆರವು ಮಾಡಿಕೊಡುತ್ತಿದ್ದವನು ಅಂದಿನಿಂದ ಇತ್ತ ಮುಖ ಹಾಕಿಲ್ಲ. "ನಾ ಅಂದದ್ದು ಸುಳ್ಳಲ್ಲ. ಆದರ ಮನಸ್ಸಿಗೆ ಸಮಾಧಾನ ಇಲ್ಲ" ಎಂದು ಅವರು ಹೇಳಿದರು.

ನಾವು ಕೂಡಲೆ ಉತ್ತರಿಸಲಿಲ್ಲ. ಆ ಮುದುಕನು ಬೇಟೆಯಾಡುವ ಕಾಡು ಹೇಗಿದೆ ಎಂದು ಕೇಳಿದೆವು. ಅವರು ವರ್ಣಿಸಿದ್ದನ್ನು ಕೇಳಿ ನಮ್ಮ ಮೈ ಜುಮ್ಮೆಂದಿತು. ಅದು ಪೈನ್ ಮರಗಳ ಬೆಟ್ಟದ ಕಾಡು. ಅಕ್ಕಿಯ ಕಾಳಿನಷ್ಟು ಚಿಕ್ಕದಾದ ಒಂದು ತೊಗಟೆಹುಳು 1990ರ ದಶಕದ ಕೊನೆಯಿಂದ ಅಲ್ಲಿ ಲಕ್ಷಾಂತರ ಎಕರೆಗಳ ಮರಗಳನ್ನು ಕೊಂದಿತು. ಮೊದಲು ಚಳಿಗಾಲದ ಕಡುಶೀತಕ್ಕೆ ಆ ಹುಳುಗಳು ಸಾಯುತ್ತಿದ್ದವಂತೆ. ಚಳಿ ಸಡಿಲಾಗಿ ಬರಗಾಲವೂ ಸೇರಿದಾಗ ಅವಕ್ಕೆ ತಡೆಯಿಲ್ಲದಾಯಿತು. ನಿಂತಲ್ಲಿಯೇ ಸತ್ತ ಮರಗಳು ಕೆಲವು ವರ್ಷ ಹಾಗೆಯೇ ನಿಂತು, ಬೇರು ಕೊಳೆತ ಮೇಲೆ ಗಾಳಿಗೆ ಒಂದರ ಮೇಲೊಂದು ಉರುಳುತ್ತವೆ. ಇಂದು ಅಲ್ಲಿ ನಾಲ್ಕು ಹೆಜ್ಜೆ ನಡೆದರೆ ಒಂದು ಮರ ದಾಟಬೇಕು. ಎಲ್ಕ್ ಮೃಗವು ತನ್ನ ಉದ್ದ ಕಾಲುಗಳಿಂದ ಅವುಗಳನ್ನು ಸರಾಗವಾಗಿ ದಾಟಿ ಹೋಗುತ್ತದೆ. ಬೇಟೆಗಾರನು ಒಂದೊಂದರ ಮೇಲೆಯೂ ಹತ್ತಿ ಇಳಿಯಬೇಕು. ಒಣಕಟ್ಟಿಗೆ ಕಾಲಡಿಯಲ್ಲಿ ಲಟಕ್ಕೆಂದರೆ ಮೃಗ ಮಾಯ. ಬೇಟೆಯಾದರೂ ಮಾಂಸವನ್ನು ಕಾಡಿನಲ್ಲಿಯೇ ಬಿಟ್ಟು ಬರುವಂತಿಲ್ಲ. ಹಾಗೆ ವ್ಯರ್ಥ ಮಾಡುವುದು ಆ ಪ್ರಾಂತದಲ್ಲಿ ಅಪರಾಧ. ಆ ಮುದುಕ ಬೆನ್ನ ಮೇಲೆ ಹೊತ್ತು ನಾಲ್ಕು ಸಲ ಆ ಬಿದ್ದ ಮರಗಳನ್ನು ದಾಟಿ ಬಂದಿದ್ದನಂತೆ.

ಬಿದ್ದ ಮರಗಳ ನಡುವೆ ಒಂದು ದೊಡ್ಡ ಮೃಗ, ಅದರ ಹಿಂದೆ ಒಬ್ಬ ಮನುಷ್ಯ. ಈ ಚಿತ್ರವನ್ನು ನಾವು ಐವತ್ತೈದು ವರ್ಷಗಳ ಹಿಂದೆಯೇ ಕೇಳಿದ್ದೆವು. ಹೇಳಿದವನು ಸುರಪುರದ ಒಬ್ಬ ಬೇಡ ಹಿರಿಯ. ನಮ್ಮ ತರುಣರು ನೆರೆಯವನಿಗೆ ಆಡಿದ ಮಾತನ್ನು ನಾವು ಅದೇ ಹಿರಿಯನಿಗೆ, ಇನ್ನೂ ದೊಡ್ಡ ಸಭೆಯಲ್ಲಿ ಆಡಿದ್ದೆವು. ಆದ್ದರಿಂದ ಅವರಿಗೆ ಕೊಡಬೇಕಾದ ಉತ್ತರವನ್ನು ನಮ್ಮ ತಪ್ಪಿನಿಂದಲೇ ಆರಂಭಿಸಬೇಕಾಗಿದೆ. ಇಂಥ ಪ್ರಶ್ನೆ ಈ ಪತ್ರಿಕೆಯನ್ನು ಓದುವ ಅನೇಕ ಮನೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ಏಳುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ.

ನಮ್ಮ ಸೀಮೆಯನ್ನು ಬಲ್ಲವರಿಗೆ ಸುರಪುರವೆಂದರೆ ಬೇಡರ ನಾಡೆಂದು ಬಿಡಿಸಿ ಹೇಳಬೇಕಾಗಿಲ್ಲ. ಯಾದಗಿರಿಯ ಕೋಟೆಬೆಟ್ಟದಿಂದ ಶಹಾಪುರದ ಮಲಗಿದ ಬುದ್ಧನ ಬೆಟ್ಟದವರೆಗೆ, ಅಲ್ಲಿಂದ ಸುರಪುರದವರೆಗೆ ಎತ್ತ ನೋಡಿದರೂ ಬಂಡೆಗಳ ಮೇಲೆ ಬಂಡೆ. ಅವುಗಳ ನಡುವೆ ಹುಟ್ಟಿ, ಬಿಲ್ಲು ಬಂದೂಕುಗಳನ್ನು ಆಟಿಕೆಯಂತೆ ಬಲ್ಲ ಜನವನ್ನು ಮಣಿಸಲು ಔರಂಗಜೇಬನೇ 1705ರಲ್ಲಿ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು. ಅದೇ ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ. ಮುಂದೆ 1841ರಲ್ಲಿ ಬಂದ ಮೆಡೋಸ್ ಟೇಲರ್ ಸಾಹೇಬನು 1853ರವರೆಗೆ ಇಲ್ಲಿದ್ದು, ಬಾಲಕ ದೊರೆ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತ ನೋಡಿದ. ಬೋನಾಳದ ಕೆರೆಯನ್ನು ದೊಡ್ಡದಾಗಿಸಿದ. ಆ ದೊರೆಯೇ ಪ್ರಾಯಕ್ಕೆ ಬಂದು 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು, ಸೆರೆಯಾಗಿ, ಅದೇ ವರ್ಷ ಮಡಿದ. ಅದಕ್ಕೂ ಮೊದಲಿನ ವರ್ಷ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಬೇಕೆಂಬ ಕಾಯ್ದೆಗೆ ಮಣಿಯದೆ ಹೋರಾಡಿ ಸತ್ತದ್ದನ್ನು ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಹತಾರವೆಂದರೆ ಆ ಜನಕ್ಕೆ ಮಾನ ಮಾತ್ರವಲ್ಲ, ಅನ್ನವೂ ಆಗಿತ್ತು. ಒಕ್ಕಲಿಗನ ಕೈಯಿಂದ ನೇಗಿಲು ಕಸಿದರೆ ಏನೋ, ಅವರಿಗೆ ಅದು ಹಾಗೆ.

ನಮ್ಮ ಮನೆ ಅಯ್ಯನವರ ಮನೆ. ಬೇಡರ ಓಣಿಗೆ ಹೊಂದಿಕೊಂಡಿತ್ತು. ಓಣಿಯ ತಲೆಬಾಗಿಲಲ್ಲಿದ್ದ ಒಬ್ಬ ಮುದುಕನನ್ನು ಊರವರೆಲ್ಲ ಬೇಟೆಯ ಮುತ್ಯಾ ಎನ್ನುತ್ತಿದ್ದರು. ನಮ್ಮ ತಂದೆಯವರು ಭಿಕ್ಷೆಗೆ ಹೋದಾಗ ಅವನು ಹೊಸ್ತಿಲ ಹೊರಗೆ ಬಂದು, ತಲೆಯ ರುಮಾಲು ತೆಗೆದು, ಮರದಲ್ಲಿ ಜೋಳ ತಂದು ಜೋಳಿಗೆಗೆ ಹಾಕುತ್ತಿದ್ದ. ನಮ್ಮನ್ನು "ಸಣ್ಣ ಅಯ್ಯನೋರೇ" ಎಂದು ಕರೆಯುತ್ತಿದ್ದ. ಅವನ ಸೊಂಟದಲ್ಲಿ ಒಂದು ಚಾಕು ಇರುತ್ತಿತ್ತು. ಅದರ ಹಿಡಿ ಕೊಂಬಿನದು. ಕಂದುಬಣ್ಣ, ಮೈತುಂಬ ಗೆರೆ. "ಇದು ಚಿಗರಿ ಕೊಂಬೇನು ಮುತ್ಯಾ?" ಎಂದು ಕೇಳಿದ್ದಕ್ಕೆ, "ಅಲ್ರೀ, ಕಡವಿದು. ನಮ್ಮ ಕಡೆ ಇಲ್ಲದ ಪ್ರಾಣಿ" ಎಂದು ಅವನು ಆ ಕಥೆ ಹೇಳಿದ.

ಅವನು ಪ್ರಾಯದಲ್ಲಿ ಬರಗಾಲದ ವರ್ಷ ಕೂಲಿಗಾಗಿ ದಾಂಡೇಲಿಯ ಕಾಡಿಗೆ ಹೋಗಿದ್ದ. ಗುತ್ತೇದಾರನ ಕೈಕೆಳಗೆ ಸಾಗುವಾನಿ ಕಡಿಯುವ ಕೆಲಸ. ಕಡಿದ ಮರ, ಕಡಿಯುವಾಗ ಮುರಿದು ಬಿದ್ದ ಮರ, ಬೆಲೆಯಿಲ್ಲವೆಂದು ಬಿಟ್ಟ ಒಣಮರ, ಎಲ್ಲ ಆ ಇಳಿಜಾರಿನಲ್ಲಿ ಅಡ್ಡಡ್ಡ ಬಿದ್ದಿದ್ದವು. ಗುತ್ತೇದಾರನ ಮನೆಗೆ ಯಾರೋ ದೊಡ್ಡವರು ಬರುವವರಿದ್ದರು. ಸುರಪುರದ ಬೇಡನಲ್ಲವೇ, ಒಂದು ಕಡವೆ ಹೊಡೆದುಕೊಡು ಎಂದು ಇವನ ಕೈಗೆ ಬಂದೂಕು ಕೊಟ್ಟರು. ಸಂಜೆಯ ಮಬ್ಬಿನಲ್ಲಿ ನೀರಿಗೆ ಬಂದ ಗಂಡು ಕಡವೆಗೆ ಇವನು ಗುಂಡು ಹಾರಿಸಿದ. ಗುಂಡು ಹೊಕ್ಕಿತು, ಕಡವೆ ಬೀಳಲಿಲ್ಲ. ಬಿದ್ದ ಮರಗಳ ಮೇಲೆ ಹಾರಿ, ಮೇಲಕ್ಕೆ ಹೋಯಿತು. ಜೊತೆಯವರು, "ಕತ್ತಲಾತು, ಹೋಗಲಿ ಬಿಡು, ನಾಳೆ ಇನ್ನೊಂದು ಹೊಡಿ" ಎಂದರು. ಇವನು ಬರಲಿಲ್ಲ. ರಾತ್ರಿಯೆಲ್ಲ ಒಂದು ದಿಮ್ಮಿಗೆ ಆನಿಕೊಂಡು ಕುಳಿತು, ಬೆಳಕು ಹರಿದ ಮೇಲೆ ಜಾಡು ಹಿಡಿದ. ನೆಲದಲ್ಲಿ ತರಗೆಲೆ, ಹೆಜ್ಜೆ ಕಾಣದು. ಆದರೆ ಕಡವೆ ದಾಟಿದ ಒಂದೊಂದು ಮರದ ತೊಗಟೆಯ ಮೇಲೂ ಅದರ ಹೊಟ್ಟೆ ಉಜ್ಜಿದಲ್ಲಿ ರಕ್ತದ ಗೆರೆಯಿತ್ತು. ಮೊದಮೊದಲು ಎತ್ತರದ ಮರಗಳ ಮೇಲೆ ಗೆರೆ, ಆಮೇಲೆ ಸಣ್ಣ ಮರಗಳ ಮೇಲೆ, ಆಮೇಲೆ ದಾಟಲಾರದೆ ಸುತ್ತಿ ಹೋದ ಗುರುತು. ಮಧ್ಯಾಹ್ನದ ಹೊತ್ತಿಗೆ ಎರಡು ಒಣಮರಗಳ ನಡುವೆ ಅದು ಮಲಗಿತ್ತು. ಇನ್ನೂ ಜೀವವಿತ್ತು. ಕಿವಿಯೊಂದೇ ಆಡುತ್ತಿತ್ತು. ಇವನನ್ನು ನೋಡಿಯೂ ಏಳಲಿಲ್ಲ.

"ಆಮ್ಯಾಲೆ ಏನ್ಮಾಡಿದಿ ಮುತ್ಯಾ?" ಎಂದೆವು.

"ಮಾಡೋದು ಮಾಡಿದೆ. ಗುಂಡು ನಂದು ಅಂದಮ್ಯಾಲೆ ಅದರ ನೋವೂ ನಂದ ಅಲ್ಲೇನ್ರೀ? ಹೊಡೆದದ್ದು ಬಿಟ್ಟು ಮನಿಗೆ ಬರೋನು ಬ್ಯಾಡನೇ ಅಲ್ಲ" ಎಂದು ಹೇಳಿ ಚಾಕುವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ. ಅಂದು ನಮಗೆ ಅದು ರೋಚಕ ಕಥೆಯಾಗಿ ಮಾತ್ರ ಕೇಳಿಸಿತು.

1970ರ ಯುಗಾದಿಯ ಮರುದಿನ. ಆ ಹಬ್ಬದ ಸುತ್ತ ಊರೆಲ್ಲ ಕೂಡಿ ಬೇಟೆಗೆ ಹೋಗುವ ರೂಢಿ ನಮ್ಮ ಸೀಮೆಯ ಅನೇಕ ಊರುಗಳಲ್ಲಿ ಇತ್ತು. ನಾವು ಹತ್ತು ವರ್ಷದ ಬಾಲಕರು. ಮನೆಯವರ ಕಣ್ಣು ತಪ್ಪಿಸಿ ಅವರ ಹಿಂದೆ ಹೋದೆವು. ಮುತ್ಯಾ ನಮ್ಮನ್ನು ಕಂಡು ಗದರಿದ. ಹಿಂದಕ್ಕೆ ಕಳಿಸಲು ಹೊತ್ತು ಮೀರಿತ್ತು. ಬೆಟ್ಟದ ಬುಡದ ಕಣಿವೆಯೊಂದರ ಬಾಯಲ್ಲಿ ಎತ್ತರದ ಗುಂಡಿನ ಮೇಲೆ ಕೂರಿಸಿ, "ಅತ್ತಿಂದ ಸೋವಿಕೊಂಡು ಬರ್ತಾರ. ಪ್ರಾಣಿ ಈ ಕಡೆ ತಿರುಗಿದ್ರ ಕೂಗ್ರಿ, ಬಲಿಯವರು ಇತ್ತ ಬರ್ತಾರ" ಎಂದು ಹೇಳಿ ಹೋದ. ಬಾರಿ, ಜಾಲಿ, ಸೀತಾಫಲದ ಪೊದೆಗಳ ಆಚೆ ನಾಯಿಗಳ ಬೊಗಳು, ಹಲಗೆಯ ಸದ್ದು. ಅಷ್ಟರಲ್ಲಿ ಒಂದು ಹೆಣ್ಣು ಚಿಗರಿ ಕಣಿವೆಯೊಳಗೆ ಬಂದು ನಮ್ಮ ಗುಂಡಿನ ಕೆಳಗೇ ನಿಂತಿತು. ಅದರ ಹಿಂದೆ ಮರಿ. ಎರಡರ ಪಕ್ಕೆಯೂ ತಿದಿಯಂತೆ ಏರಿ ಇಳಿಯುತ್ತಿತ್ತು. ನಾವು ಕೂಗಲಿಲ್ಲ. ದಯೆಯಿಂದಲೋ, ಹೆದರಿಕೆಯಿಂದಲೋ ಇಂದಿಗೂ ಹೇಳಲಾರೆವು; ನಾಲಗೆ ಒಣಗಿತ್ತು. ಅವು ಹೋಗಿಬಿಟ್ಟವು.

ಸೋವಿನವರು ಬಂದು, "ಇತ್ತ ಏನರ ಬಂತೇನು?" ಎಂದು ಕೇಳಿದರು. ಇಲ್ಲವೆಂದೆವು. ಮುತ್ಯಾ ಬಗ್ಗಿ ಗುಂಡಿನ ಕೆಳಗಿನ ಮಣ್ಣು ನೋಡಿದ. ತಾಯಿ ಮರಿಯ ಗೊರಸುಗಳು ಅಲ್ಲಿ ಹಸಿಯಾಗಿದ್ದವು. ಅವನು ಮೆಲ್ಲನೆ ಕಾಲಿನಿಂದ ಆ ಮಣ್ಣನ್ನು ಸವರಿ, "ಏನೂ ಬಂದಿಲ್ಲ, ನಡೀರಿ" ಎಂದು ಜನರನ್ನು ಬೇರೆ ಕಡೆಗೆ ಕರೆದುಕೊಂಡು ಹೋದ. ಆ ದಿನ ಬೇಟೆಗೆ ಸಿಕ್ಕದ್ದು ಎರಡು ಮೊಲ ಮಾತ್ರ. ನಮ್ಮ ಸುಳ್ಳನ್ನು ಅವನು ಯಾರ ಮುಂದೆಯೂ ಆಡಲಿಲ್ಲ, ನಮ್ಮೆದುರಿಗೂ ಆಡಲಿಲ್ಲ.

ಎರಡು ವರ್ಷದಲ್ಲಿ ನಾವು ಧಾರವಾಡದ ಕಡೆಯ ಮಠವೊಂದರ ಪಾಠಶಾಲೆ ಸೇರಿದೆವು. ಅಮರಕೋಶ ಬಾಯಿಪಾಠ ಮಾಡುವಾಗ ಮೃಗಗಳ ಸಾಲಿನಲ್ಲಿ ಶಂಬರವೆಂಬ ಹೆಸರು ಬಂದಿತು. ಶಂಬರವೆಂದರೆ ಕಡವೆ ಎಂದು ಗುರುಗಳು ಅರ್ಥ ಹೇಳಿದಾಗ ನಮಗೆ ನೆನಪಾದದ್ದು ಮುತ್ಯಾನ ಚಾಕುವಿನ ಹಿಡಿ. ಮುಂದೆ ಓದು ಬೆಳೆಯಿತು. ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಭಾಗದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮೃಗಯೆಯೂ ರಾಜನ ವಿನೋದಗಳಲ್ಲಿ ಒಂದಾಗಿ ವಿಸ್ತಾರವಾಗಿ ಬಂದಿದೆ. ರಾಘವಾಂಕನ ಹರಿಶ್ಚಂದ್ರನೂ ಬೇಟೆಗೆ ಹೊರಡುತ್ತಾನೆ. ಅರ್ಜುನನನ್ನು ಪರೀಕ್ಷಿಸಲು ಪರಶಿವನೇ ಕಿರಾತನಾಗುತ್ತಾನೆ. ಮಂಡ್ಯ ಸೀಮೆಯ ಆತಕೂರಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿಯೆಂಬ ಬೇಟೆನಾಯಿಗೆ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿ ಶಾಸನ ಬರೆಸಿದ್ದಾರೆ. ಇವನ್ನೆಲ್ಲ ಓದಿದೆವು. ಸೋಮೇಶ್ವರನು ಬೇಟೆಯನ್ನು ವಿನೋದವೆಂದ ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳಲ್ಲಿ ಶರಣರು ಸಕಲ ಜೀವಿಗಳಲ್ಲಿ ದಯೆಯೇ ಧರ್ಮದ ಮೂಲವೆಂದು ಸಾರಿದರೆಂಬುದನ್ನೂ ತಿಳಿದೆವು. ತಿಳಿವಳಿಕೆಯ ಜೊತೆಗೆ ಅದರ ಸೊಕ್ಕೂ ಬಂದಿತೆಂಬುದು ನಮಗೆ ಆಗ ತಿಳಿಯಲಿಲ್ಲ.

1984ರ ಶ್ರಾವಣದಲ್ಲಿ ಹಿರಿಯರು ನಮ್ಮನ್ನು ಊರಿಗೆ ಪುರಾಣ ಪ್ರವಚನಕ್ಕೆ ಕರೆಸಿದರು. ಇಪ್ಪತ್ತನಾಲ್ಕರ ವಯಸ್ಸು, ಹೊಸ ಕಾವಿ ಶಾಲು, ಮೈಕಿನ ಧ್ವನಿ. ಒಂದು ರಾತ್ರಿ ದಯೆಯ ವಿಷಯ ತೆಗೆದುಕೊಂಡು ಎರಡು ತಾಸು ಮಾತನಾಡಿದೆವು. "ಮೂಕಪ್ರಾಣಿಯ ಬೆನ್ನಟ್ಟಿ ಕೊಲ್ಲುವವನ ಮನೆಯ ಭಿಕ್ಷೆಯೂ ಹೊಲೆ, ಅಂಥವನಿಗೆ ಶಿವನ ಬಾಗಿಲು ತೆರೆಯದು" ಎಂದು ಘೋಷಿಸಿದೆವು. ಜನ ಚಪ್ಪಾಳೆ ತಟ್ಟಿದರು. ಕಂಬದ ಮರೆಯಲ್ಲಿ ಮುತ್ಯಾ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದುದನ್ನು ಕಂಡಿದ್ದೆವು. ಕಂಡೂ ಹಾಗೆಂದೆವು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಸಭೆ ಕರಗಿದ ಮೇಲೆ ಅವನು ಹತ್ತಿರ ಬಂದು ಪಾದ ಮುಟ್ಟಿದ. ನಮಗಿಂತ ಐವತ್ತು ವರ್ಷ ಹಿರಿಯ. ತಲೆ ಎತ್ತದೆಯೇ ಮಾತನಾಡಿದ.

"ಅಯ್ಯನೋರ, ಸರ್ಕಾರದವರು ಬ್ಯಾಟಿ ಬಿಡು ಅಂದ್ರು. ಬಂದೂಕು ಠಾಣಾಕ್ಕ ಕೊಟ್ಟು ಹನ್ನೊಂದು ವರ್ಷ ಆತು. ಈಗ ನೀವೂ ಬಿಡು ಅಂತೀರಿ. ಬಿಟ್ಟೀನಿ. ಹಿಡಿ ಅಂತ ಏನರ ಒಂದು ಹೇಳ್ತೀರೇನು? ಹೊಲ ಇಲ್ಲ. ಹುಡುಗೂರು ಮುಂಬೈಕ ಗುಳೇ ಹೋಗ್ಯಾವ. ನನ್ನ ಕೈಗೆ ಜಾಡು ಹಿಡಿಯೋದು ಬಿಟ್ರ ಇನ್ನೊಂದು ಗೊತ್ತಿಲ್ಲ."

ನಮ್ಮಲ್ಲಿ ಉತ್ತರವಿರಲಿಲ್ಲ. "ಶಿವ ನಡೆಸ್ತಾನ" ಎಂದೇನೋ ಹೇಳಿದೆವು. ಅವನು ತಲೆಯಾಡಿಸಿ ಹೊರಟ. ಎರಡು ಹೆಜ್ಜೆ ಹೋಗಿ, ನಿಂತು, "ಆವತ್ತು ಚಿಗರಿ ಮರೀ ಉಳಿಸಿದ್ರಿ. ಚಲೋ ಮಾಡಿದ್ರಿ" ಎಂದ. ಹದಿನಾಲ್ಕು ವರ್ಷ ಕಾಪಾಡಿದ ಗುಟ್ಟನ್ನು ಅವನು ಅಂದು ಹೊರಗಿಟ್ಟದ್ದು ನಮ್ಮನ್ನು ಹಂಗಿಸಲಿಕ್ಕಲ್ಲ, ಹೊಗಳಲಿಕ್ಕೆ. ಅದು ನಮ್ಮನ್ನು ಇನ್ನೂ ಸುಡುತ್ತದೆ. ಮರುದಿನ ಅವನ ಮನೆಗೆ ಹೋಗಬೇಕೆಂದುಕೊಂಡೆವು, ಹೋಗಲಿಲ್ಲ. 1991ರ ಬೇಸಿಗೆಯಲ್ಲಿ ಅವನು ತೀರಿಕೊಂಡ ಸುದ್ದಿ ನಮಗೆ ತಿಂಗಳಾದ ಮೇಲೆ ತಲುಪಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 1972ರಲ್ಲಿ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ಅದು ಬರದಿದ್ದರೆ ನಮ್ಮ ಹೊಲಗಳಲ್ಲಿ ಇಂದು ಕಾಣುವ ಚಿಗರಿಯ ಹಿಂಡುಗಳು ಚಿತ್ರದಲ್ಲಿ ಮಾತ್ರ ಉಳಿಯುತ್ತಿದ್ದವು. ಚಿಗರಿಯನ್ನು ತಿಂದು ಬಾಳುತ್ತಿದ್ದ ಚೀತಾ ಅಷ್ಟರಲ್ಲಾಗಲೇ ಅಳಿದಿತ್ತು; 1952ರಲ್ಲಿ ಅದು ಈ ದೇಶದಲ್ಲಿ ಇಲ್ಲವೆಂದು ಸಾರಿಯಾಗಿತ್ತು. ಅರಸರ, ಸಾಹೇಬರ, ಜೀಪಿನಲ್ಲಿ ಬಂದು ರಾತ್ರಿ ದೀಪ ಬಿಟ್ಟು ಹೊಡೆಯುವ ಷೋಕಿದಾರರ ವಿನೋದಕ್ಕೆ ಕಡಿವಾಣ ಬೇಕೇ ಇತ್ತು. ಆದರೆ ಆ ಕಡಿವಾಣದ ಭಾರವೆಲ್ಲ ಕೊನೆಗೆ ಬಿದ್ದದ್ದು ವಿನೋದಕ್ಕಲ್ಲದೆ ಹೊಟ್ಟೆಗಾಗಿ ಕಾಡಿಗೆ ಹೋಗುವವನ ಮೇಲೆ. ಷೋಕಿದಾರನು ಬೇರೆ ವಿನೋದ ಹುಡುಕಿಕೊಂಡ. ಮುತ್ಯಾನಿಗೆ ಬೇರೆ ಕಸುಬು ಯಾರು ಹುಡುಕಿಕೊಟ್ಟರು?

ಈ ಪ್ರಶ್ನೆಗೆ ಉತ್ತರವು ನಮ್ಮ ಊರ ಮಗ್ಗುಲಲ್ಲಿಯೇ ಇತ್ತು. ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನವರ ಊರು. ಬಸವಣ್ಣನವರಿಗಿಂತ ಮೊದಲೇ ಮಗ್ಗದ ಮುಂದೆ ಕುಳಿತು ರಾಮನಾಥನನ್ನು ಕರೆದವರು ಅವರು. ಅವರನ್ನು ಕುರಿತು ಹಿರಿಯರು ಹೇಳುವ ಕಥೆಯೊಂದಿದೆ. ಕಾಡಿನಲ್ಲಿ ಬೇಟೆಯಾಡಿ ಬದುಕುವ ಜನರನ್ನು ದಾಸಿಮಯ್ಯನವರು ಕಂಡರು, ಕೊಲ್ಲಬೇಡಿರೆಂದರು, ಅಷ್ಟಕ್ಕೇ ನಿಲ್ಲದೆ ಅವರಿಗೆ ಗಾಣದಲ್ಲಿ ಎಣ್ಣೆ ತೆಗೆದು ಬದುಕುವ ಬಗೆಯನ್ನು ಕಲಿಸಿದರು. ಈ ಕಥೆಯನ್ನು ನಾವು ಮಠದಲ್ಲಿ ಓದಿದ್ದೆವು, 1984ರ ಆ ರಾತ್ರಿಯೂ ಹೇಳಿದ್ದೆವು. ಹೇಳುವಾಗ ಕೊಲ್ಲಬೇಡಿ ಎಂಬ ಮಾತಿಗೆ ಧ್ವನಿಯೇರಿಸಿ, ಗಾಣದ ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸಿದ್ದೆವು. ಕಥೆಯ ಜೀವ ಇದ್ದದ್ದು ಗಾಣದಲ್ಲಿ. ಬಿಡು ಎನ್ನುವುದು ಯಾರಿಗೂ ಸುಲಭ. ಹಿಡಿ ಎಂದು ಕೈಗೆ ಒಂದು ಕೆಲಸ ಕೊಡುವವನು ಮಾತ್ರ ಬಿಡು ಎನ್ನಲು ಅಧಿಕಾರಿ. ಕಾಯಕವೆಂಬ ಮಾತನ್ನು ಇಷ್ಟೊಂದು ಸಲ ಆಡುವ ನಾವು ಇದನ್ನು ಮರೆಯಬಾರದಿತ್ತು. ಕಾಡಿನ ಕಟ್ಟಿಗೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯನವರನ್ನು ಕಲ್ಯಾಣವು ಶರಣರ ಸಾಲಿನಲ್ಲಿ ಕೂರಿಸಿತು. ಇನ್ನು ಬೇಡರ ಕಣ್ಣಪ್ಪನಂತೂ ಮಾಂಸವನ್ನೇ ಶಿವನಿಗೆ ಅರ್ಪಿಸಿದವನು. ಹರಿಹರನು ಅವನ ಮೇಲೆ ರಗಳೆ ಬರೆದ, ನಮ್ಮ ಹಿರಿಯರು ಅವನನ್ನು ಪುರಾತನರಲ್ಲಿ ಎಣಿಸಿದರು. ಬೇಡನಿಗೆ ಶಿವನ ಬಾಗಿಲು ತೆರೆಯದೆಂದು ಸಾರಲು ನಮಗೆ ಯಾವ ಶಾಸ್ತ್ರದ ಆಧಾರವಿತ್ತು?

ಕೆಲವು ವರ್ಷಗಳ ಹಿಂದೆ ನಾವು ಮಲೆಯ ಮಹದೇಶ್ವರನ ಬೆಟ್ಟಕ್ಕೆ ತಾಳಬೆಟ್ಟದ ಕಡೆಯಿಂದ ಕಾಲ್ನಡಿಗೆಯಲ್ಲಿ ಹೋದೆವು. ಅಲ್ಲಿಯ ಪೂಜೆ ಬೇಡಗಂಪಣರದು. ಅವರು ಲಿಂಗವಂತರು, ಬೇಟೆಯ ಕುಲವೇ ಮಾದಪ್ಪನಿಂದ ಲಿಂಗ ಪಡೆಯಿತೆಂಬುದು ಅಲ್ಲಿಯ ನಂಬಿಕೆ. ಅಲ್ಲಿಯೂ ದೇವರು ಬಿಡು ಎಂದವನಿಗೆ ಪೂಜೆಯ ಕಾಯಕವನ್ನು ಹಿಡಿ ಎಂದು ಕೊಟ್ಟಿದ್ದಾನೆ. ಒಂದು ಕಾಲಕ್ಕೆ ದಂತಚೋರರ ಬಂದೂಕಿಗೆ ನಡುಗಿದ ಆ ಕಾಡು 2013ರಲ್ಲಿ ವನ್ಯಜೀವಿಧಾಮವಾಗಿದೆ. 900 ಚದರ ಕಿಲೋಮೀಟರಿಗೂ ಹೆಚ್ಚಿನ ವಿಸ್ತಾರ. ಆನೆಗಳ ಭಯವಿದ್ದುದರಿಂದ ಬೆಳಗಿನ ಜಾವ ನಮ್ಮೊಡನೆ ಒಬ್ಬ ಅರಣ್ಯ ಕಾವಲುಗಾರ ಬಂದ. ಸೋಲಿಗರವನು. ಅವನ ಅಜ್ಜ ಬೇಟೆಗೆ ಹೋಗುತ್ತಿದ್ದನಂತೆ.

ದಾರಿಯ ಪಕ್ಕದ ಇಳಿಜಾರಿನಲ್ಲಿ ಬಿದಿರು ಹೂಬಿಟ್ಟು ಸತ್ತಿತ್ತು. ಬಿದಿರಿನ ಬಾಳು ಹಾಗೆ. ದಶಕಗಟ್ಟಲೆ ಹಸುರಾಗಿದ್ದು, ಒಮ್ಮೆ ಹೂಬಿಟ್ಟು ಬೀಜ ಉದುರಿಸಿದರೆ ಮೆಳೆಯೇ ಒಣಗುತ್ತದೆ. ಒಣಗಿದ ಗಳುಗಳು, ಅವುಗಳ ಭಾರಕ್ಕೆ ಉರುಳಿದ ಮರಗಳು, ಮೇಲೆ ಲಾಂಟಾನದ ಹೆಣಿಗೆ. ಕಾವಲುಗಾರ ಸರಕ್ಕನೆ ಕೈಯೆತ್ತಿ ನಮ್ಮನ್ನು ನಿಲ್ಲಿಸಿದ. ಮೂವತ್ತು ಮಾರು ದೂರದಲ್ಲಿ ಗಂಡು ಕಡವೆ. ನಮ್ಮ ದೇಶದ ಜಿಂಕೆಗಳಲ್ಲೆಲ್ಲ ದೊಡ್ಡದು. ಎತ್ತಿನಷ್ಟು ಮೈ, ಒರಟು ಕಂದುರೋಮ, ಮೂರು ಮೂರು ಕವಲಿನ ಕೊಂಬು. ಅದು ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ, ಗಂಟೆ ಒಡೆದಂತೆ ಒಂದು ಸಲ ಕೂಗಿತು. ಆಮೇಲೆ ತಿರುಗಿ, ನಮ್ಮ ಎದೆಮಟ್ಟದ ಬಿದ್ದ ಮರವೊಂದನ್ನು ಸದ್ದಿಲ್ಲದೆ ದಾಟಿತು. ಇನ್ನೊಂದನ್ನು ದಾಟಿತು. ಅಷ್ಟು ದೊಡ್ಡ ದೇಹಕ್ಕೆ ಒಂದು ಒಣಕಡ್ಡಿಯೂ ಮುರಿಯಲಿಲ್ಲ. ನಮ್ಮ ಕಣ್ಣು ತಾನಾಗಿಯೇ ಆ ಮರಗಳ ತೊಗಟೆಯ ಮೇಲೆ ಹೋಯಿತು. ಅಲ್ಲಿ ರಕ್ತದ ಗೆರೆಯಿರಲಿಲ್ಲ.

ಕಾವಲುಗಾರ ಬಗ್ಗಿ ಹೆಜ್ಜೆ ನೋಡಿ, ಅದು ರಾತ್ರಿ ಎಲ್ಲಿ ನೀರು ಕುಡಿದಿತು, ಹುಲಿಯ ವಾಸನೆ ಹಿಡಿದು ಯಾವ ಕಡೆಯಿಂದ ಮೇಲೆ ಬಂದಿತು ಎಂದೆಲ್ಲ ಪುಸ್ತಕ ಓದಿದಂತೆ ಹೇಳಿದ. ಪಕ್ಕದಲ್ಲಿ ಹಳೆಯದೊಂದು ಉದುರಿದ ಕೊಂಬು ಬಿದ್ದಿತ್ತು. ಕಡವೆ ವರ್ಷಕ್ಕೊಮ್ಮೆ ಕೊಂಬು ಉದುರಿಸಿ ಹೊಸದು ಬೆಳೆಸುತ್ತದೆ. ಎತ್ತಿಕೊಳ್ಳಬಾರದೆಂದು ಅವನು ನಮಗೆ ವಿನಯದಿಂದ ಎಚ್ಚರಿಸಿದ. ಕಾನೂನಿಲ್ಲ, ಜೊತೆಗೆ ಮುಳ್ಳುಹಂದಿಗಳು ಅದನ್ನು ಕಡಿದು ತಿನ್ನುತ್ತವೆ, ಅವುಗಳ ಪಾಲು ಅದು ಎಂದ. ಮುತ್ಯಾನ ಕಣ್ಣು, ಮುತ್ಯಾನ ಕಿವಿ, ಮುತ್ಯಾನ ವಿದ್ಯೆ. ಕೈಯಲ್ಲಿ ಬಂದೂಕಿನ ಬದಲು ಕಾವಲಿನ ಕೋಲು; ತಿಂಗಳಿಗೆ ಸಂಬಳ. ಯಾರೋ ಇವನಿಗೆ ಗಾಣ ಕೊಟ್ಟಿದ್ದರು. ಸುರಪುರದ ನಮ್ಮ ಬೆಟ್ಟಗಳಲ್ಲಿ, ಬೋನಾಳದ ಹಕ್ಕಿಗಳ ಕೆರೆಯ ಏರಿಯಲ್ಲಿ ಮುತ್ಯಾನೂ ಹೀಗೆಯೇ ನಿಲ್ಲಬಹುದಿತ್ತು. 1984ರಲ್ಲಿ ನಾವು ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಕಚೇರಿಗೆ ಹೋಗಿ ಅವನಿಗಾಗಿ ಒಂದು ಮಾತು ಕೇಳಬಹುದಿತ್ತು. ಸಿಗುತ್ತಿತ್ತೋ ಇಲ್ಲವೋ, ನಾವು ಕೇಳಲಿಲ್ಲವೆಂಬುದು ಮಾತ್ರ ನಿಜ. ಬಿದ್ದ ಮರವೊಂದರ ಮೇಲೆ ಕುಳಿತು ನಾವು ಕಣ್ಣೊರೆಸಿಕೊಂಡೆವು. ಕಾವಲುಗಾರ ದಣಿವೆಂದು ತಿಳಿದು ನೀರು ಕೊಟ್ಟ.

ಇಷ್ಟನ್ನೂ ನಾವು ಕೊಲೊರಾಡೊದ ತರುಣರಿಗೆ ಹೇಳಿದೆವು. ಕೊನೆಗೆ ಹೇಳಿದ ಮಾತು ಇದು. ನೀವು ಆ ಮಾಂಸವನ್ನು ಒಲ್ಲೆನೆಂದದ್ದು ಸರಿ. ಅದು ನಿಮ್ಮ ವ್ರತ, ನಿಮ್ಮ ಹಿರಿಯರು ಕೊಟ್ಟ ಬಳುವಳಿ. ಅದನ್ನು ನಾಚದೆ ಪಾಲಿಸಿರಿ, ಮಗುವಿಗೂ ಕಲಿಸಿರಿ. ಅಂಗಡಿಯಿಂದ ಕಟ್ಟಿದ ಪೊಟ್ಟಣ ತರುವವನ ಕೈಗೆ ರಕ್ತ ಅಂಟುವುದಿಲ್ಲವೆಂದು ಅವನನ್ನು ಬಿಟ್ಟು, ಬಿದ್ದ ಮರಗಳನ್ನು ದಾಟಿ ತಾನೇ ಹೊತ್ತು ತಂದವನನ್ನು ಮಾತ್ರ ಕೊಲೆಗಾರನೆನ್ನುವುದು ನ್ಯಾಯವಲ್ಲ. ಅವನು ಕೊಟ್ಟದ್ದು ಮಾಂಸವೆಂದು ನೀವು ನೋಡಿದಿರಿ. ಪಾಲೆಂದು ಅವನು ತಂದಿದ್ದ. ಪದಾರ್ಥವನ್ನು ಬೇಡವೆನ್ನಿ, ಪಾಲನ್ನು ಬೇಡವೆನ್ನಬೇಡಿ. ಮಗುವನ್ನು ಕರೆದುಕೊಂಡು, ಮನೆಯಲ್ಲಿ ಮಾಡಿದ ಹೋಳಿಗೆ ತೆಗೆದುಕೊಂಡು ಅವನ ಬಾಗಿಲಿಗೆ ಹೋಗಿರಿ. ನಮ್ಮ ಮನೆಯ ನೇಮ ಹೀಗೆ, ಅಂದು ಆಡಿದ ಮಾತು ತಪ್ಪು ಎಂದು ಹೇಳಿರಿ. ಇಂದೇ ಹೋಗಿರಿ; ನಾಳೆ ಎನ್ನಬೇಡಿ. ನಾಳೆ ಎಂದವರ ಗತಿಯನ್ನು ನಾವು ಬಲ್ಲೆವು.

ವಾರದ ಮೇಲೆ ಅವರ ಕರೆ ಬಂದಿತು. ಮುದುಕ ಹೋಳಿಗೆ ತಿಂದನಂತೆ. ತನ್ನ ಹಿತ್ತಲಿನ ಸೇಬುಗಳನ್ನು ಒಂದು ಚೀಲ ತುಂಬಿ ಮಗುವಿನ ಕೈಗೆ ಕೊಟ್ಟನಂತೆ. ಬಿದ್ದ ಮರಗಳ ಕಾಡನ್ನು ತೋರಿಸಲು ಬೇಸಿಗೆಯಲ್ಲಿ, ಬೇಟೆಯ ಕಾಲವಲ್ಲದಾಗ, ಎಲ್ಲರನ್ನೂ ಕರೆದೊಯ್ಯುತ್ತೇನೆಂದು ಹೇಳಿದ್ದಾನಂತೆ.

ಈಚೆಗೆ ನಾವು ಎಲ್ಲಿ ಪ್ರವಚನಕ್ಕೆ ಹೋದರೂ ದಾಸಿಮಯ್ಯನವರ ಕಥೆ ಬಂದಾಗ ಗಾಣದ ಮಾತಿನಲ್ಲಿ ನಿಲ್ಲುತ್ತೇವೆ. ಸಭೆಯಲ್ಲಿ ಕುಳಿತ ಉಳ್ಳವರನ್ನು, ನಿಮ್ಮ ಊರಿನಲ್ಲಿ ಯಾರಿಗೆ ಏನನ್ನು ಬಿಡು ಎಂದಿದ್ದೀರಿ, ಅವರಿಗೆ ಹಿಡಿ ಎಂದು ಏನು ಕೊಟ್ಟಿದ್ದೀರಿ ಎಂದು ಕೇಳುತ್ತೇವೆ. ಚಪ್ಪಾಳೆ ಮೊದಲಿನಷ್ಟು ಬೀಳುವುದಿಲ್ಲ. ಆದರೆ ಸಭೆ ಮುಗಿದ ಮೇಲೆ ಒಬ್ಬಿಬ್ಬರು ಹಿಂದೆ ಉಳಿದು, ಮೆಲ್ಲನೆ ಹತ್ತಿರ ಬಂದು, ತಮ್ಮ ಊರಿನ ಯಾವನೋ ಒಬ್ಬನ ಹೆಸರು ಹೇಳುತ್ತಾರೆ. ನಾವು ಅದನ್ನು ಚೀಟಿಯಲ್ಲಿ ಬರೆದುಕೊಂಡು, ಮರುದಿನ ಬೆಳಿಗ್ಗೆ ಅವನ ಮನೆಗೆ ಹೋಗುತ್ತೇವೆ.